ಸೈಕಲ್ ವೀರ ಫೌಸ್ಟೊ ಕೊಪ್ಪಿ ಮತ್ತು ಅವರ ಅಂಗಿಗಳು

ಭಾನುವಾರ ಬೆಳಗ್ಗೆ ನಂದಿಬೆಟ್ಟದ ರಸ್ತೆಯಲ್ಲಿ ನಿಂತರೆ ಬೆಂಗಳೂರಿನ ಕಡೆಯಿಂದ ಸೈಕಲ್ಲುಗಳು ಸಾಲಾಗಿ ಬರುವುದನ್ನು ನೀವೂ ನೋಡಿರುತ್ತೀರಿ. ಮೈಗೆ ಅಂಟಿಕೊಂಡ ಬಣ್ಣಬಣ್ಣದ ಅಂಗಿ, ಅದಕ್ಕೆ ಬೆನ್ನ ಮೇಲೆ ಜೇಬು! ಜೇಬು ಅಲ್ಲಿ ಯಾಕಪ್ಪಾ ಅಂತ ನಾವೆಲ್ಲ ನಕ್ಕಿದ್ದೇವೆ. ಬಗ್ಗಿಕೊಂಡು ತುಳಿಯುವವರಿಗೆ ಕೈಗೆ ಸಿಗುವ ಜಾಗ ಅದೇ. ಈ ಅಂಗಿಗೆ ಜೆರ್ಸಿ ಎನ್ನುತ್ತಾರೆ. ನಾವು ಅಂಚೆಚೀಟಿ, ಹಳೇ ನಾಣ್ಯ ಕೂಡಿಡುವ ಹಾಗೆ, ಹಿಂದಿನ ಕಾಲದ ಸವಾರರು ಪಂದ್ಯದಲ್ಲಿ ತೊಟ್ಟು ಬೆವರು ಸುರಿಸಿದ ಜೆರ್ಸಿಗಳನ್ನು ಹುಡುಕಿ ಕೂಡಿಡುವವರು ಯೂರೋಪಿನಲ್ಲಿ ಇದ್ದಾರೆ. ಅಂಥವರು ಬಹಳ ಬೆಲೆ ಕೊಡುವ ಹೆಸರು ಫೌಸ್ಟೊ ಕೊಪ್ಪಿ.

ಕೊಪ್ಪಿ ಹುಟ್ಟಿದ್ದು 1919ರ ಸೆಪ್ಟೆಂಬರ್ 15ರಂದು, ಇಟಲಿಯ ಕಸ್ತೆಲ್ಲಾನಿಯ ಎಂಬ ಗುಡ್ಡದ ಮೇಲಿನ ಪುಟ್ಟ ಹಳ್ಳಿಯಲ್ಲಿ. ನಮ್ಮ ಹಾಗೇ ಬೇಸಾಯದ ಮನೆ. ಹುಡುಗ ಬಲು ಸಣಕಲು. ಓದು ಬಿಟ್ಟು ಹತ್ತಿರದ ಊರಿನ ಮಾಂಸದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡ. ಸೈಕಲ್ ಮೇಲೆ ಸಾಮಾನು ಹೇರಿಕೊಂಡು ಮನೆಮನೆಗೆ ಕೊಟ್ಟು ಬರುವುದೇ ಅವನ ಕೆಲಸ. ಹಡಗಿನಲ್ಲಿ ನೌಕರಿಯಲ್ಲಿದ್ದ ಚಿಕ್ಕಪ್ಪ ದುಡ್ಡು ಕೊಟ್ಟ ಮೇಲೆ ಒಂದು ಒಳ್ಳೇ ಸೈಕಲ್ ಬಂತು. ಆ ಊರಲ್ಲೇ ಕವಾನ್ನ ಎಂಬ ಗುರು ಇದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಕಾಲಿನ ಮಾಂಸಖಂಡ ಮುಟ್ಟಿ ನೋಡಿಯೇ ಸವಾರ ಎಂಥವನು ಅಂತ ಹೇಳುತ್ತಿದ್ದರಂತೆ. ನಮ್ಮಪ್ಪ ಕಣ್ಣು ಮುಚ್ಚಿಕೊಂಡು ಸೀರೆ ಮುಟ್ಟಿ ಅಸಲಿ ರೇಷ್ಮೆಯೋ ಅಲ್ಲವೋ ಹೇಳುತ್ತಾರಲ್ಲ, ಹಾಗೆ!

1940ರಲ್ಲಿ ಕೊಪ್ಪಿ ಹಸಿರು ಜೆರ್ಸಿಯ ಲೆನ್ಯಾನೊ ತಂಡ ಸೇರಿದರು. ಆ ತಂಡದ ನಾಯಕ ಬಾರ್ತಾಲಿ ಆಗಲೇ ದೊಡ್ಡ ಹೆಸರು. ಅವರಿಗೆ ಸಹಾಯ ಮಾಡುವುದಷ್ಟೇ ಕೊಪ್ಪಿಯ ಕೆಲಸ. ಆದರೆ ಇಟಲಿ ಸುತ್ತುವ ಮಹಾಪಂದ್ಯದಲ್ಲಿ ಒಂದು ನಾಯಿ ಅಡ್ಡ ಬಂದು ಬಾರ್ತಾಲಿ ಬಿದ್ದರು. ಕೊನೆಗೆ ಗೆದ್ದದ್ದು 20 ವರ್ಷದ ಕೊಪ್ಪಿ. ಆ ಪಂದ್ಯದಲ್ಲಿ ಮುಂದಿರುವವರಿಗೆ ಗುಲಾಬಿ ಬಣ್ಣದ ಜೆರ್ಸಿ ತೊಡಿಸುತ್ತಾರೆ. ಪಂದ್ಯ ನಡೆಸುವ ಪತ್ರಿಕೆ ಗುಲಾಬಿ ಕಾಗದದಲ್ಲಿ ಅಚ್ಚಾಗುತ್ತದೆ, ಅದಕ್ಕೇ ಆ ಬಣ್ಣ. ಫ್ರಾನ್ಸಿನ ಪಂದ್ಯ ಶುರುಮಾಡಿದ ಪತ್ರಿಕೆಯದು ಹಳದಿ ಕಾಗದ, ಅಲ್ಲಿ ಹಳದಿ ಜೆರ್ಸಿ.

ಪಂದ್ಯ ಮುಗಿದ ಮಾರನೇ ದಿನವೇ ಇಟಲಿ ಯುದ್ಧಕ್ಕೆ ಇಳಿಯಿತು. 1942ರಲ್ಲಿ ಒಂದು ಗಂಟೆಯಲ್ಲಿ 45 ಕಿ.ಮೀ.ಗೂ ಹೆಚ್ಚು ತುಳಿದು ಕೊಪ್ಪಿ ವಿಶ್ವದಾಖಲೆ ಮಾಡಿದರು. ಮರುವರ್ಷ ಆಫ್ರಿಕಾದ ಟ್ಯುನೀಷಿಯಾದಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕರು. ಯೌವನದ ಒಳ್ಳೇ ವರ್ಷಗಳು ಹೀಗೆ ಹೋದವು.

ಯುದ್ಧ ಮುಗಿದ ಮೇಲೆ ಬಿಯಾಂಕಿ ತಂಡ ಸೇರಿದರು. ಆ ಜೆರ್ಸಿಯ ಬಣ್ಣ ಹೇಗಿತ್ತೆಂದರೆ, ದ್ರಾಕ್ಷಿ ತೋಟಕ್ಕೆ ಹೊಡೆಯುವ ಮೈಲುತುತ್ತದ ನೀರು ನೋಡಿದ್ದೀರಲ್ಲ, ಸುಮಾರು ಅದೇ ಬಣ್ಣ, ಜೊತೆಗೆ ಬಿಳಿ. 1949ರ ಜೂನ್ 10ರಂದು ಆಲ್ಪ್ಸ್ ಪರ್ವತದ ಐದು ಕಣಿವೆ ಹತ್ತಿಳಿಯುವ 254 ಕಿ.ಮೀ. ಓಟ. ಮೊದಲನೇ ಏರಿನಲ್ಲೇ ಕೊಪ್ಪಿ ಎಲ್ಲರನ್ನೂ ಬಿಟ್ಟು ಹೊರಟರು. 192 ಕಿ.ಮೀ. ಒಬ್ಬರೇ! ಬೆಂಗಳೂರಿನಿಂದ ಮೈಸೂರಿಗೆ ಹೋದರೂ ಅಷ್ಟು ದೂರ ಆಗುವುದಿಲ್ಲ. ನಮ್ಮ ನಂದಿಬೆಟ್ಟ 1478 ಮೀಟರ್, ಅವರು ದಾಟಿದ ಇಜೋವಾರ್ ಕಣಿವೆ 2360 ಮೀಟರ್. ಎರಡನೆಯವರಾಗಿ ಬಾರ್ತಾಲಿ ಬಂದಾಗ ಸುಮಾರು 12 ನಿಮಿಷ ಕಳೆದಿತ್ತು. ರೇಡಿಯೋದಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದವರು ಮೊದಲು ಅಂಗಿಯ ಬಣ್ಣ ಹೇಳಿ ಆಮೇಲೆ ಕೊಪ್ಪಿಯ ಹೆಸರು ಹೇಳಿದರಂತೆ. ಕೇಳುವವರಿಗೆ ಅಂಗಿಯಿಂದಲೇ ಮನುಷ್ಯ ಕಣ್ಣ ಮುಂದೆ ಬಂದ. ಆ ವರ್ಷ ಇಟಲಿ, ಫ್ರಾನ್ಸ್ ಎರಡೂ ಪಂದ್ಯ ಗೆದ್ದರು. ಒಂದೇ ವರ್ಷ ಎರಡನ್ನೂ ಗೆದ್ದವರಲ್ಲಿ ಇವರೇ ಮೊದಲಿಗರು.

1951ರಲ್ಲಿ ತಮ್ಮ ಸೆರ್ಸೆ ಪಂದ್ಯದಲ್ಲಿ ಬಿದ್ದು ತೀರಿಕೊಂಡ. ಅಣ್ಣ ತಮ್ಮ ಒಂದೇ ತಂಡದವರು. ಸೈಕಲ್ಲೇ ಬೇಡ ಅನ್ನಿಸಿದ್ದರೂ ಆಶ್ಚರ್ಯವಿಲ್ಲ. ಆದರೆ 1952ರಲ್ಲಿ ಮತ್ತೆ ಎರಡೂ ಪಂದ್ಯ ಗೆದ್ದರು. 1953ರಲ್ಲಿ ವಿಶ್ವ ಚಾಂಪಿಯನ್ ಆಗಿ, ಬಿಳಿ ಬಟ್ಟೆಗೆ ಐದು ಬಣ್ಣದ ಪಟ್ಟೆ ಇರುವ ಜೆರ್ಸಿಯನ್ನೂ ತೊಟ್ಟರು.

ಇಷ್ಟು ಗಟ್ಟಿ ಮನುಷ್ಯನನ್ನು ಕೊಂದದ್ದು ಒಂದು ಸೊಳ್ಳೆ. 1959ರ ಡಿಸೆಂಬರಿನಲ್ಲಿ ಪಂದ್ಯಕ್ಕೆಂದು ಈಗಿನ ಬುರ್ಕಿನಾ ಫಾಸೊ ದೇಶಕ್ಕೆ ಹೋಗಿದ್ದರು. ವಾಪಸು ಬಂದ ಮೇಲೆ ಜ್ವರ. ಜೊತೆಯಲ್ಲಿದ್ದ ಫ್ರಾನ್ಸಿನ ಜೆಮಿನಿಯಾನಿಗೂ ಜ್ವರ. ಅವರಿಗೆ ಮಲೇರಿಯಾ ಅಂತ ರಕ್ತಪರೀಕ್ಷೆಯಲ್ಲಿ ಗೊತ್ತಾಗಿ ಕ್ವಿನೈನ್ ಕೊಟ್ಟರು, ಬದುಕಿದರು. 2024ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ! ಕೊಪ್ಪಿಯ ಕಾಯಿಲೆ ಮಾತ್ರ ಸರಿಯಾಗಿ ಗೊತ್ತಾಗಲಿಲ್ಲ. 1960ರ ಜನವರಿ 2ರಂದು, 40ನೇ ವಯಸ್ಸಿನಲ್ಲಿ ಹೋಗಿಬಿಟ್ಟರು.

ಅಂಗಿಗಳು ಉಳಿದವು. ಕೋಮೊ ಸರೋವರದ ಹತ್ತಿರ ಗಿಸಾಲ್ಲೊ ಎಂಬ ಬೆಟ್ಟದ ಮೇಲೆ ಮೇರಿಮಾತೆಯ ಚಿಕ್ಕ ಗುಡಿ ಇದೆ. ನಮ್ಮ ಘಾಟಿ ಸುಬ್ರಹ್ಮಣ್ಯದಲ್ಲಿ ಹರಕೆ ಹೊತ್ತವರು ನಾಗರಕಲ್ಲು ಇಡುವಂತೆ, ಅಲ್ಲಿ ಸವಾರರು ತಮ್ಮ ಸೈಕಲ್ಲು, ಜೆರ್ಸಿ ಒಪ್ಪಿಸಿದ್ದಾರೆ. ಕೊಪ್ಪಿಯ ಸೈಕಲ್ಲೂ ಅಲ್ಲಿದೆ. ಗೋಡೆಯಲ್ಲಿ ಜಾಗ ಸಾಲದೆ 2006ರಲ್ಲಿ ಪಕ್ಕದಲ್ಲೇ ವಸ್ತುಸಂಗ್ರಹಾಲಯ ತೆರೆದರು. ಅಲ್ಲಿ ಗುಲಾಬಿ ಜೆರ್ಸಿಗಳದೇ ದೊಡ್ಡ ಸಾಲು ಇದೆ.

ಈಗ ಹೊಸದಾಗಿ ಹೆಣೆದು ಹಳೇದರಂತೆ ಕಾಣುವ ಜೆರ್ಸಿಗಳೂ ಮಾರಾಟಕ್ಕೆ ಬರುತ್ತವೆ. ಅಸಲಿ ಗುರುತಿಸುವುದು ಹೇಗೆ? ಕೊಪ್ಪಿಯ ಕಾಲದ್ದು ಉಣ್ಣೆ, ಕಾಲರ್ ಇರುತ್ತಿತ್ತು, ಎದೆಯ ಮೇಲೂ ಜೇಬು. ತಂಡದ ಹೆಸರು ಅಚ್ಚು ಹಾಕಿದ್ದಲ್ಲ, ದಾರದಲ್ಲಿ ಹೊಲಿದದ್ದು. ಬೆನ್ನಲ್ಲಿ ನಂಬರಿನ ಪಿನ್ನು ಚುಚ್ಚಿದ ತೂತು, ಬಿದ್ದಲ್ಲಿ ಹರಿದು ರಫು ಮಾಡಿದ ಗುರುತು ಇದ್ದರೆ ಕೂಡಿಡುವವರಿಗೆ ಇನ್ನೂ ಖುಷಿ. ನಾವಾದರೆ ಹರಿದ ಅಂಗಿಯನ್ನು ಮಸಿಬಟ್ಟೆ ಮಾಡುತ್ತೇವೆ! ಉಣ್ಣೆಗೆ ಹುಳುವಿನ ಕಾಟ ಜಾಸ್ತಿ. ಆದ್ದರಿಂದ ಅವರು ಅದನ್ನು ಬಿಸಿಲು, ತೇವ ತಾಗದಂತೆ ಕಾಗದದಲ್ಲಿ ಸುತ್ತಿ, ನಮ್ಮಜ್ಜಿ ಟ್ರಂಕಿನಲ್ಲಿ ಧಾರೆ ಸೀರೆ ಇಟ್ಟಿರುವ ಹಾಗೆ, ಆಗಾಗ ತೆಗೆದು ನೋಡಿ ಮತ್ತೆ ಮಡಚಿಡುತ್ತಾರೆ.