ಬಿದ್ದು ಎದ್ದ ವೀರ: ಲೂಯಿಸ್ ಒಕಾನ್ಯ

ನಿಮ್ಮಲ್ಲಿ ಅನೇಕರು ದಿನವೂ ಸೈಕಲ್ ತುಳಿದು ಶಾಲೆಗೆ ಬರುತ್ತೀರಿ. ಅದೇ ಸೈಕಲ್ಲಿನಿಂದ ಲೋಕಪ್ರಸಿದ್ಧನಾದ ಒಬ್ಬ ಬಡ ಹುಡುಗನ ಕಥೆಯಿದು.

ಲೂಯಿಸ್ ಒಕಾನ್ಯ 1945ರ ಜೂನ್ 9ರಂದು ಸ್ಪೇನ್ ದೇಶದ ಕ್ವೆಂಕಾ ಪ್ರಾಂತದ ಪ್ರಿಯೇಗೊ ಎಂಬ ಊರಿನಲ್ಲಿ ಜನಿಸಿದರು. ಮನೆಯಲ್ಲಿ ಕಡುಬಡತನ. ಲೂಯಿಸ್ ಬಾಲಕನಾಗಿದ್ದಾಗಲೇ ಆ ಕುಟುಂಬವು ಹೊಟ್ಟೆಪಾಡಿಗಾಗಿ ಗಡಿ ದಾಟಿ, ಫ್ರಾನ್ಸಿನ ನೈಋತ್ಯ ಭಾಗದಲ್ಲಿ ನೆಲೆಸಿತು. ಮನೆಯ ಮಾತು ಸ್ಪ್ಯಾನಿಷ್, ಊರಿನ ಮಾತು ಫ್ರೆಂಚ್. ಹುಡುಗ ಬಡಗಿ ಕೆಲಸ ಕಲಿತನು. ಜೊತೆಗೆ ಸೈಕಲ್ ಪಂದ್ಯಗಳಲ್ಲಿ ಹೆಸರು ಗಳಿಸಿದನು.

1968ರಲ್ಲಿ ವೃತ್ತಿಪರ ಸವಾರರಾದ ಒಕಾನ್ಯರು ಅದೇ ವರ್ಷ ಸ್ಪೇನಿನ ರಾಷ್ಟ್ರೀಯ ಚಾಂಪಿಯನ್ ಆದರು. 1970ರಲ್ಲಿ ಸ್ಪೇನ್ ದೇಶವನ್ನು ಸುತ್ತುವ 'ವುಎಲ್ತಾ' ಪಂದ್ಯವನ್ನು ಗೆದ್ದರು. ಆದರೂ ಫ್ರಾನ್ಸಿನವರು ಅವರನ್ನು ಸ್ಪೇನಿನವನೆಂದರು. ಸ್ಪೇನಿನಲ್ಲಿ ಹಲವರು ಫ್ರಾನ್ಸಿನವನೆಂದರು. ಬಾಳಿದ್ದು ಫ್ರಾನ್ಸಿನಲ್ಲಾದರೂ ಅವರು ಸ್ಪೇನಿನ ಪ್ರಜೆಯಾಗಿಯೇ ಉಳಿದರು.

ಸೈಕಲ್ ಪಂದ್ಯಗಳಲ್ಲೆಲ್ಲ ದೊಡ್ಡದು 'ಟೂರ್ ದ ಫ್ರಾನ್ಸ್'. ಸುಮಾರು ಮೂರು ವಾರ ನಡೆಯುವ ಈ ಪಂದ್ಯದಲ್ಲಿ ಪ್ರತಿದಿನದ ಸಮಯವನ್ನು ಕೂಡಿಸುತ್ತಾರೆ. ಒಟ್ಟು ಸಮಯ ಯಾರದು ಕಡಿಮೆಯೋ ಅವರಿಗೆ ಹಳದಿ ಅಂಗಿ. ಆಗ ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1969 ಮತ್ತು 1970ರಲ್ಲಿ ಅದನ್ನು ಗೆದ್ದು ಅಜೇಯರೆನಿಸಿದ್ದರು. ಅವರೊಡನೆ ಎರಡನೆಯ ಸ್ಥಾನಕ್ಕಾಗಿ ಸೆಣಸಿದರೆ ಸಾಕೆಂದು ಉಳಿದವರು ಬಗೆದಿದ್ದರು. ಒಕಾನ್ಯರು ಹಾಗೆ ಬಗೆಯಲಿಲ್ಲ.

1971ರ ಜುಲೈ 8ರಂದು ಆಲ್ಪ್ಸ್ ಪರ್ವತದ ಒರ್ಸಿಯೇರ್-ಮೆರ್ಲೆತ್ ಏರಿನಲ್ಲಿ ಅವರು ಎಲ್ಲರನ್ನೂ ಹಿಂದಿಕ್ಕಿ, ಮರ್ಕ್ಸ್‌ಗಿಂತ 8 ನಿಮಿಷ 42 ಸೆಕೆಂಡು ಮೊದಲು ಗುರಿ ಮುಟ್ಟಿದರು. ಹಳದಿ ಅಂಗಿ ಅವರದಾಯಿತು. ಆದರೆ ನಾಲ್ಕೇ ದಿನಗಳಲ್ಲಿ ವಿಧಿ ಮುನಿಯಿತು. ಜುಲೈ 12ರಂದು ಪಿರನೀಸ್ ಪರ್ವತದ ಮಾಂತೆ ಕಣಿವೆದಾರಿಯ ಇಳಿಜಾರಿನಲ್ಲಿ ಬಿರುಮಳೆ, ದಾರಿಯೆಲ್ಲ ಕೆಸರು. ಒಂದು ತಿರುವಿನಲ್ಲಿ ಮರ್ಕ್ಸ್ ಜಾರಿ ಬಿದ್ದರು, ಒಕಾನ್ಯರೂ ಬಿದ್ದರು. ಮರ್ಕ್ಸ್ ಎದ್ದು ಮುಂದೆ ಸಾಗಿದರು. ಒಕಾನ್ಯರು ಏಳುವಷ್ಟರಲ್ಲಿ ಹಿಂದಿನಿಂದ ಬಂದ ಸವಾರರು ಡಿಕ್ಕಿ ಹೊಡೆದರು. ಅವರನ್ನು ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಹಳದಿ ಅಂಗಿಯ ಹಕ್ಕು ಮರ್ಕ್ಸ್‌ಗೆ ಬಂದರೂ, ಮರುದಿನ ಅವರು ಅದನ್ನು ತೊಡಲಿಲ್ಲ. ಎದುರಾಳಿ ಬಿದ್ದುದರಿಂದ ದೊರೆತ ಅಂಗಿಯನ್ನು ಆ ದಿನ ಅವರ ಮನಸ್ಸು ಒಪ್ಪಲಿಲ್ಲ. ಎಂತಹ ಹಿರಿಯ ಗುಣ!

1972ರಲ್ಲಿ ಅನಾರೋಗ್ಯದಿಂದ ಒಕಾನ್ಯರು ಮತ್ತೆ ಅರ್ಧದಲ್ಲೇ ಹಿಂದಿರುಗಿದರು. ಆದರೂ ಎದೆಗುಂದಲಿಲ್ಲ. 1973ರಲ್ಲಿ ಆರು ದಿನಗಳ ಓಟಗಳನ್ನು ಗೆದ್ದು, ಎರಡನೆಯವರಿಗಿಂತ 15 ನಿಮಿಷ 51 ಸೆಕೆಂಡು ಮುಂದೆ ನಿಂತು ಟೂರ್ ದ ಫ್ರಾನ್ಸ್ ಗೆದ್ದರು. 1959ರಲ್ಲಿ ಬಾಹಾಮೊಂತೆಸ್ ಗೆದ್ದ ಮೇಲೆ ಈ ಗೌರವ ಪಡೆದ ಎರಡನೆಯ ಸ್ಪೇನಿಗರು ಇವರೇ. ಆ ವರ್ಷ ಮರ್ಕ್ಸ್ ಸ್ಪರ್ಧಿಸಿರಲಿಲ್ಲವೆಂದು ಆಡಿಕೊಂಡವರೂ ಇದ್ದರು. ಆದರೆ ಏರಿದ ಬೆಟ್ಟಗಳ ಎತ್ತರ ಅದರಿಂದ ಕಡಿಮೆಯಾಗಲಿಲ್ಲ.

1977ರಲ್ಲಿ ನಿವೃತ್ತರಾದ ಒಕಾನ್ಯರು ಫ್ರಾನ್ಸಿನಲ್ಲಿ ದ್ರಾಕ್ಷಿ ಬೇಸಾಯ ಮಾಡಿದರು. ಕೊನೆಯ ದಿನಗಳಲ್ಲಿ ರೋಗದಿಂದ ಬಹಳ ನೊಂದ ಅವರು 1994ರ ಮೇ 19ರಂದು ತೀರಿಕೊಂಡರು.

ಗಡಿಯ ಈಚೆ ಒಂದು ಮಾತು, ಆಚೆ ಇನ್ನೊಂದು ಮಾತು ಕೇಳಿ ಬೆಳೆಯುವ ನಿಮಗೆ ಈ ಜೀವನ ತೀರ ಹೊರಗಿನದಲ್ಲ. ನೀನು ಯಾವ ಕಡೆಯವನೆಂದು ಜನ ಕೇಳಿದಾಗ ಒಕಾನ್ಯರು ವಾದಕ್ಕೆ ನಿಲ್ಲಲಿಲ್ಲ; ಪೆಡಲ್ ತುಳಿದರು.