ಜಾರ್ಜ್ ಜಾಕ್ಸನ್: 70 ಡಾಲರ್‌ಗೆ ಎಷ್ಟು ವರ್ಷ ಜೈಲು?

ಅಮೆರಿಕದ ಕಪ್ಪು ಜನರ ಹೋರಾಟ ಅಂದಾಗ ನಾವು ಮಾರ್ಟಿನ್ ಲೂಥರ್ ಕಿಂಗ್, ಮಾಲ್ಕಮ್ ಎಕ್ಸ್, ಏಂಜೆಲಾ ಡೇವಿಸ್ ಹೆಸರು ಹೇಳ್ತೀವಿ. ಜಾರ್ಜ್ ಜಾಕ್ಸನ್ ಹೆಸರು ಬಂದರೂ ಪೋಸ್ಟರ್‌ನಾಚೆಗೆ ಹೋಗಲ್ಲ. ನನಗೆ ಮಾತ್ರ ಆ ಪೋಸ್ಟರ್‌ಗಿಂತ ಅವನಿಗೆ ಬಿದ್ದ ಶಿಕ್ಷೆಯೇ ಹೆಚ್ಚು ಕಾಡುತ್ತದೆ: ಒಂದು ವರ್ಷದಿಂದ ಜೀವಾವಧಿಯವರೆಗೆ.

1941ರಲ್ಲಿ ಶಿಕಾಗೋದಲ್ಲಿ ಹುಟ್ಟಿದವನು. ಅಪ್ಪ ಅಂಚೆ ಇಲಾಖೆಯ ನೌಕರ. ಹದಿಹರೆಯದಲ್ಲಿ ಲಾಸ್ ಏಂಜಲೀಸ್‌ಗೆ ಬಂದಮೇಲೆ ಸಣ್ಣಪುಟ್ಟ ಅಪರಾಧ, ಪೊಲೀಸ್, ಬಾಲಾಪರಾಧಿಗಳ ಕೇಂದ್ರ. ಪೆಟ್ರೋಲ್ ಬಂಕೊಂದರಲ್ಲಿ 70 ಡಾಲರ್ ದರೋಡೆ ಮಾಡಿದ ಕೇಸಿನಲ್ಲಿ ತಪ್ಪೊಪ್ಪಿಕೊಂಡ. ಹಾಗೆ ಮಾಡಿದರೆ ಕಡಿಮೆ ಶಿಕ್ಷೆ ಅಂತ ಭರವಸೆ ಸಿಕ್ಕಿತ್ತು ಅನ್ನುವುದು ಅವನ ವಾದ. 1961ರಲ್ಲಿ ಜೈಲಿಗೆ ಹೋದಾಗ ಇನ್ನೂ 19.

ಆಗ ಕ್ಯಾಲಿಫೋರ್ನಿಯಾದಲ್ಲಿ ಶಿಕ್ಷೆಯ ಅವಧಿಯನ್ನು ನ್ಯಾಯಾಧೀಶರು ಖಚಿತಪಡಿಸುತ್ತಿರಲಿಲ್ಲ. ಪೆರೋಲ್ ಮಂಡಳಿ ಕೈದಿಯ ನಡತೆ ನೋಡಿ ಬಿಡಬೇಕೋ ಬೇಡವೋ ಅಂತ ತೀರ್ಮಾನಿಸುತ್ತಿತ್ತು. ಕೈದಿ ಸುಧಾರಿಸಲಿ ಅನ್ನುವ ಉದಾರ ಕಾನೂನು, ಕಾಗದದ ಮೇಲೆ. ನಿಜದಲ್ಲಿ ಕೈದಿಯ ಬಿಡುಗಡೆ ಕಾವಲುಗಾರ ಬರೆಯುವ ವರದಿಗೆ ನೇತುಬಿದ್ದಿತ್ತು. ಜಾಕ್ಸನ್ ತಲೆ ತಗ್ಗಿಸುವ ಜಾತಿಯವನಲ್ಲ. ಜೈಲಿನ ಹೊಡೆದಾಟಗಳಲ್ಲೂ ಇದ್ದ. ಪೆರೋಲ್ ಮತ್ತೆ ಮತ್ತೆ ತಿರಸ್ಕಾರವಾಯಿತು. ಸುಮಾರು 7 ವರ್ಷ ಏಕಾಂತ ಸೆರೆಯಲ್ಲೇ ಕಳೆದುಹೋಯಿತು. ಅಲ್ಲೇ ಮಾರ್ಕ್ಸ್, ಮಾವೋ, ಫ್ಯಾನನ್ ಓದಿದ. ಓದಿದ್ದಕ್ಕೆ ಜೊತೆಯಾದವನು ಸಹಕೈದಿ ಡಬ್ಲ್ಯು.ಎಲ್. ನೋಲನ್.

1970ರ ಜನವರಿ 13ರಂದು ಸೊಲೆಡಾಡ್ ಜೈಲಿನ ಅಂಗಳದಲ್ಲಿ ಹೊಡೆದಾಟ ಶುರುವಾದಾಗ ಗೋಪುರದ ಮೇಲಿದ್ದ ಬಿಳಿ ಕಾವಲುಗಾರ ಗುಂಡು ಹಾರಿಸಿದ. ನೋಲನ್ ಸೇರಿ ಮೂವರು ಕಪ್ಪು ಕೈದಿಗಳು ಸತ್ತರು. ಅದು ಸಮರ್ಥನೀಯ ಹತ್ಯೆ ಅಂತ ಗ್ರ್ಯಾಂಡ್ ಜ್ಯೂರಿ ಹೇಳಿತು. ಸುದ್ದಿ ಜೈಲಿಗೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಜಾನ್ ಮಿಲ್ಸ್ ಎಂಬ ಇನ್ನೊಬ್ಬ ಕಾವಲುಗಾರನನ್ನು ಹೊಡೆದು ಮೇಲಂತಸ್ತಿನಿಂದ ಕೆಳಗೆಸೆದು ಕೊಂದರು. ಆರೋಪ ಬಿದ್ದದ್ದು ಜಾಕ್ಸನ್, ಫ್ಲೀಟಾ ಡ್ರಮ್ಗೋ, ಜಾನ್ ಕ್ಲಚೆಟ್ ಮೇಲೆ. ಕಡತದಲ್ಲಿ ಜೀವಾವಧಿ ಅನ್ನುವ ಪದ ಇದ್ದಿದ್ದರಿಂದ ಜಾಕ್ಸನ್‌ಗೆ ಅಪರಾಧ ಸಾಬೀತಾದರೆ ಮರಣದಂಡನೆಯೇ ಗತಿ. 70 ಡಾಲರ್ ಎಲ್ಲಿಗೆ ಬಂತು ನೋಡಿ.

ಆಗಸ್ಟ್ 7ರಂದು ಅವನ ತಮ್ಮ, 17 ವರ್ಷದ ಜೊನಾಥನ್, ಬಂದೂಕು ಹಿಡಿದು ಮರೀನ್ ಕೌಂಟಿ ನ್ಯಾಯಾಲಯಕ್ಕೆ ನುಗ್ಗಿ ನ್ಯಾಯಾಧೀಶರನ್ನೇ ಒತ್ತೆಯಾಗಿಟ್ಟುಕೊಂಡ. ಗುಂಡಿನ ಕಾಳಗದಲ್ಲಿ ನ್ಯಾಯಾಧೀಶ, ಇಬ್ಬರು ಕೈದಿಗಳು, ಜೊನಾಥನ್ ಸತ್ತರು. ಬಂದೂಕುಗಳು ಏಂಜೆಲಾ ಡೇವಿಸ್ ಹೆಸರಿನಲ್ಲಿದ್ದವು. ಅವರ ಬಂಧನದ ಕಥೆ ಜಗತ್ತಿಗೇ ಗೊತ್ತು. ಅದೇ ವರ್ಷ ಜಾಕ್ಸನ್‌ನ ಜೈಲುಪತ್ರಗಳು ಸೊಲೆಡಾಡ್ ಬ್ರದರ್ ಹೆಸರಲ್ಲಿ ಪುಸ್ತಕವಾದವು. ಮುನ್ನುಡಿ ಬರೆದದ್ದು ಸ್ವತಃ ಜೈಲು ಕಂಡಿದ್ದ ಫ್ರೆಂಚ್ ಲೇಖಕ ಜೀನ್ ಜೆನೆ.

1971ರ ಆಗಸ್ಟ್ 21. ಮಿಲ್ಸ್ ಕೇಸಿನ ವಿಚಾರಣೆಗೆ ಕೆಲವೇ ದಿನ ಬಾಕಿ. ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ವಕೀಲರ ಭೇಟಿ ಮುಗಿಸಿ ಬಂದ ಜಾಕ್ಸನ್ ಕೈಯಲ್ಲಿ ಪಿಸ್ತೂಲಿತ್ತು. ವಿಗ್‌ನೊಳಗೆ ಅಡಗಿಸಿ ತಂದ ಅಂತ ಅಧಿಕಾರಿಗಳು ಹೇಳಿದರು. ತಂದುಕೊಟ್ಟ ಆರೋಪ ಹೊತ್ತ ವಕೀಲ ಸ್ಟೀಫನ್ ಬಿಂಗ್ಹಮ್ 13 ವರ್ಷ ತಲೆಮರೆಸಿಕೊಂಡಿದ್ದು, ಶರಣಾಗಿ, 1986ರಲ್ಲಿ ಖುಲಾಸೆಯಾದರು. ಕೋಣೆಗಳ ಬಾಗಿಲು ತೆರೆದವು. ಮೂವರು ಕಾವಲುಗಾರರು, ಇಬ್ಬರು ಬಿಳಿ ಕೈದಿಗಳು ಕೊಲೆಯಾದರು. ಅಂಗಳಕ್ಕೆ ಓಡಿದ ಜಾಕ್ಸನ್‌ನನ್ನು ಗುಂಡಿಕ್ಕಿ ಕೊಂದರು. 30 ತುಂಬಲು ಒಂದು ತಿಂಗಳಿತ್ತು.

ಅವನನ್ನು ಹುತಾತ್ಮ ಅನ್ನುವ ಗೆಳೆಯರು ಆ ಐದು ಹೆಣಗಳನ್ನು ದಾಟಿಕೊಂಡು ಹೋಗುತ್ತಾರೆ. ನನಗೆ ಹಾಗೆ ದಾಟಲು ಆಗಲ್ಲ. ಹಾಗಂತ ಅವನು ಬರೀ ಕೊಲೆಗಡುಕ ಅನ್ನುವವರು, 19ರ ಹುಡುಗನನ್ನು 10 ವರ್ಷ ಬಿಡುಗಡೆಯ ದಿನಾಂಕವೇ ಇಲ್ಲದೆ ಕೂಡಿಹಾಕಿದ್ದು ಯಾಕೆ ಅಂತ ಕೇಳುವುದೇ ಇಲ್ಲ.

ಮರುದಿನ ನ್ಯೂಯಾರ್ಕ್ ರಾಜ್ಯದ ಅಟಿಕಾ ಜೈಲಿನ ಕೈದಿಗಳು ಊಟ ಬಿಟ್ಟು ಮೌನವಾಗಿ ಕೂತರು. ಸೆಪ್ಟೆಂಬರ್ 9ಕ್ಕೆ ಅಲ್ಲಿ ದಂಗೆ. ಒಟ್ಟು 43 ಸಾವು. ಶಿಕ್ಷೆಯ ಅವಧಿಯನ್ನು ಅನಿಶ್ಚಿತವಾಗಿಡುವ ಪದ್ಧತಿಯನ್ನು ಕ್ಯಾಲಿಫೋರ್ನಿಯಾ ಹೆಚ್ಚಿನ ಅಪರಾಧಗಳಿಗೆ ಕೈಬಿಡುವ ಕಾನೂನು ತಂದದ್ದು 1976ರಲ್ಲಿ. ಮಿಲ್ಸ್ ಕೊಲೆ ಕೇಸು ಮಾತ್ರ ಅದಕ್ಕೂ ಮೊದಲೇ, 1972ರ ಮಾರ್ಚ್‌ನಲ್ಲಿ ಮುಗಿದಿತ್ತು. ಉಳಿದಿದ್ದ ಇಬ್ಬರು ಆರೋಪಿಗಳು, ಡ್ರಮ್ಗೋ ಮತ್ತು ಕ್ಲಚೆಟ್, ನಿರ್ದೋಷಿಗಳು ಅಂತ ತೀರ್ಪು ಬಂತು.