ಹೈದರಾಬಾದಿಗೆ ಆಸರೆಯಾದ ವಿಶ್ವೇಶ್ವರಯ್ಯ

ಸರ್ ಎಂ. ವಿಶ್ವೇಶ್ವರಯ್ಯನವರೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕನ್ನಂಬಾಡಿ ಕಟ್ಟೆ. ಹೈದರಾಬಾದ್ ನಗರವೂ ಅವರಿಗೆ ಋಣಿಯೆಂಬುದನ್ನು ನಾವು ಮರೆಯಲಾಗದು.

ಮುದ್ದೇನಹಳ್ಳಿಯಲ್ಲಿ ಜನಿಸಿ, ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತ ಅವರು 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದು ಹೈದರಾಬಾದಿನಲ್ಲಿ ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಆ ವೇಳೆಗೆ ಮುಂಬಯಿ ಸೇವೆಯನ್ನು ತೊರೆದು ವಿದೇಶ ಪ್ರವಾಸದಲ್ಲಿದ್ದ ಅವರು, ನಿಜಾಮ್ ಸರ್ಕಾರದ ಕರೆಗೆ ಓಗೊಟ್ಟು 1909ರಲ್ಲಿ ವಿಶೇಷ ಸಲಹಾ ಎಂಜಿನಿಯರ್ ಆಗಿ ಬಂದರು.

ಮೇಲ್ದಂಡೆಯ ಕೆರೆಗಳು ಒಡೆದು ಪ್ರವಾಹ ಹೆಚ್ಚಿದ್ದನ್ನು ಅವರು ಗಮನಿಸಿದರು. ಪ್ರವಾಹವನ್ನು ನಗರ ತಲುಪುವ ಮೊದಲೇ ಜಲಾಶಯಗಳಲ್ಲಿ ತಡೆದು, ಅಳತೆಯಲ್ಲಿ ಹರಿಯಬಿಡುವುದೇ ಪರಿಹಾರವೆಂದು ನಿರ್ಣಯಿಸಿದರು. ಜೊತೆಗೆ ಒಳಚರಂಡಿ ಯೋಜನೆಯನ್ನೂ ಸಿದ್ಧಪಡಿಸಿದರು. ಅದೇ ವರ್ಷ ಮೈಸೂರು ಅವರನ್ನು ಮುಖ್ಯ ಎಂಜಿನಿಯರ್ ಹುದ್ದೆಗೆ ಕರೆಸಿಕೊಂಡಿತು. ಕಾರ್ಯವನ್ನು ಪೂರೈಸಿದವರು ಇತರರು: ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಈಸಿ ನದಿಗೆ ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. ಪ್ರವಾಹ ತಡೆಯಲೆಂದು ಕಟ್ಟಿದ ಇವೇ ನಗರದ ಬಾಯಾರಿಕೆಯನ್ನೂ ನೀಗಿದವು.

1955ರಲ್ಲಿ ಭಾರತರತ್ನರಾದ ವಿಶ್ವೇಶ್ವರಯ್ಯನವರು 1962ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಗಂಡಿಪೇಟೆ ಕೆರೆಗೆ ವಿಹಾರಕ್ಕೆ ಹೋಗುವ ನಮ್ಮ ಮಕ್ಕಳಿಗೆ ಈ ಹೆಸರನ್ನು ಹೇಳಬೇಕಾದವರು ನಾವು.